ಗಂಡನ ಕಾಲದ ತೆರಿಗೆ ಲೆಕ್ಕ ಈಗ ಬಾಗಿಲಿಗೆ ಬಂದರೆ



ನಾವು ಸಂಘದ ಸಭೆಗಳಿಗೆ ಬಂದಾಗ, ಗಂಡನಿಂದ ಬೇರೆಯಾದ ಕೆಲವು ಸಹೋದರಿಯರು ಕೇಳುವುದುಂಟು: "ಸಿಸ್ಟರ್, ಅಂಗಡಿ ನನ್ನ ಹೆಸರಲ್ಲಿತ್ತು, ಲೆಕ್ಕ ಎಲ್ಲಾ ಅವರೇ ನೋಡ್ಕೊಳ್ತಿದ್ರು. ರಿಟರ್ನ್ ಹಾಕಿದ್ದಾರೋ ಇಲ್ವೋ ಗೊತ್ತಿಲ್ಲ." ಬ್ಯಾಂಕಿನವರು ಸಾಲಕ್ಕೆ ರಿಟರ್ನ್ ಕೇಳಿದಾಗ, ಇಲ್ಲವೇ ನೋಟಿಸು ಬಂದಾಗಲೇ ವಿಷಯ ಹೊರಬರುವುದು.

ನಮ್ಮ ದೇಶದಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಸಲ್ಲಿಸುವ ಪದ್ಧತಿ ಇಲ್ಲ. ಒಂದು ಪ್ಯಾನ್‌ಗೆ ಒಂದು ಲೆಕ್ಕ. ಗಂಡನ ಸಂಪಾದನೆಯ ತೆರಿಗೆ ಬಾಕಿ, ಮದುವೆಯಾಗಿದ್ದ ಮಾತ್ರಕ್ಕೆ ನಿಮ್ಮ ತಲೆ ಮೇಲೆ ಬರುವುದಿಲ್ಲ. ಆದರೆ ನಿಮ್ಮ ಪ್ಯಾನ್‌ನಲ್ಲಿ ನಡೆದ ವ್ಯಾಪಾರಕ್ಕೆ ಇಲಾಖೆ ನಿಮ್ಮನ್ನೇ ಕೇಳುತ್ತದೆ. ಬಂಡವಾಳ ಗಂಡನೇ ಸುಮ್ಮನೆ ಕೊಟ್ಟದ್ದಾದರೆ, ಮದುವೆ ಇದ್ದಷ್ಟು ಕಾಲ ಅದರ ಆದಾಯವನ್ನು ಗಂಡನ ಲೆಕ್ಕಕ್ಕೆ ಸೇರಿಸುವ ನಿಯಮವೂ ಇದೆ. ಹಾಗಾಗಿ ಹಳೆ ಪಾಸ್‌ಬುಕ್ ಬಿಸಾಡಬೇಡಿ. ಕಾಗದ ಗಂಡನ ಮನೆಯಲ್ಲೇ ಉಳಿದಿದ್ದರೆ ಜಗಳಕ್ಕೆ ಹೋಗುವುದು ಬೇಡ; ಖಾತೆ ನಿಮ್ಮ ಹೆಸರಲ್ಲಿದ್ದರೆ ಸ್ಟೇಟ್‌ಮೆಂಟ್ ಬ್ಯಾಂಕಿನಿಂದಲೇ ಸಿಗುತ್ತದೆ.

ಮೊದಲ ಕೆಲಸ, ಇಲಾಖೆಯ ಜಾಲತಾಣದಲ್ಲಿ ನಿಮ್ಮ ಪ್ಯಾನ್ ಖಾತೆ ತೆರೆಯುವುದು. ಅದರಲ್ಲಿ ಬಹಳ ಸಲ ಗಂಡನ ಮೊಬೈಲ್ ನಂಬರ್, ಗಂಡನ ಇಮೇಲ್ ಇರುತ್ತದೆ. ನೋಟಿಸು, ಒಟಿಪಿ ಎಲ್ಲಾ ಅಲ್ಲಿಗೇ ಹೋಗುತ್ತಿರುತ್ತದೆ! ಆಧಾರ್ ಒಟಿಪಿ ಬಳಸಿ ಪಾಸ್‌ವರ್ಡ್ ಬದಲಿಸಿ ನಿಮ್ಮ ನಂಬರ್ ಹಾಕಿಸಿ. ಆಧಾರ್‌ಗೂ ಅವರದ್ದೇ ನಂಬರ್ ಕೊಟ್ಟಿದ್ದರೆ ಮೊದಲು ಆಧಾರ್ ಸೇವಾ ಕೇಂದ್ರಕ್ಕೆ ಹೋಗಬೇಕು. ಖಾತೆ ತೆರೆದರೆ ಯಾವ ವರ್ಷ ರಿಟರ್ನ್ ಹಾಕಿದೆ, ಎಲ್ಲಿ ತೆರಿಗೆ ಹಿಡಿದಿದ್ದಾರೆ ಎಂಬುದು ಕಾಣುತ್ತದೆ.

ಎಲ್ಲಾ ವರ್ಷಕ್ಕೂ ರಿಟರ್ನ್ ಬೇಕೆಂದಿಲ್ಲ. 2022-23ರವರೆಗೆ, 60 ವರ್ಷದೊಳಗಿನವರಿಗೆ ಎರಡೂವರೆ ಲಕ್ಷದೊಳಗಿನ ಆದಾಯಕ್ಕೆ ಸಾಮಾನ್ಯವಾಗಿ ಬೇಕಿರಲಿಲ್ಲ. ಆದರೆ ಅಂಗಡಿಯ ವಹಿವಾಟು 60 ಲಕ್ಷ ದಾಟಿದ್ದರೆ, ಲಾಭ ಕಡಿಮೆ ಇದ್ದರೂ ಈಗಿನ ನಿಯಮದಂತೆ ಹಾಕಲೇಬೇಕು.

ತೆರಿಗೆ ಕಟ್ಟಬೇಕಾಗಿದ್ದು ರಿಟರ್ನ್ ಹಾಕದೆ ಬಿಟ್ಟಿದ್ದರೆ, 2022ರಿಂದ 'ಅಪ್‌ಡೇಟೆಡ್ ರಿಟರ್ನ್' ಎಂಬ ದಾರಿ ಇದೆ. 2025ರಲ್ಲಿ ಅದರ ಗಡುವನ್ನು ಎರಡು ವರ್ಷದಿಂದ ನಾಲ್ಕು ವರ್ಷಕ್ಕೆ ಏರಿಸಿದರು. ಅಂದರೆ 2022-23ರ ಆದಾಯಕ್ಕೆ 2028 ಮಾರ್ಚ್ 31ರವರೆಗೆ ಅವಕಾಶ. ತಡಮಾಡಿದಷ್ಟೂ ದುಬಾರಿ: ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ ಶೇಕಡಾ 25, ಆಮೇಲೆ 50, 60, ಕೊನೆಗೆ 70 ಹೆಚ್ಚುವರಿ ಕಟ್ಟಬೇಕು.

ಈ ದಾರಿಯಲ್ಲಿ ರಿಫಂಡ್ ಸಿಗುವುದಿಲ್ಲ. ನಿಮ್ಮ ಠೇವಣಿ ಬಡ್ಡಿಯಲ್ಲಿ ಬ್ಯಾಂಕು ತೆರಿಗೆ ಹಿಡಿದಿದ್ದು, ಅದು ವಾಪಸ್ ಬರಬೇಕಾಗಿದ್ದರೆ, ತಡಕ್ಕೆ ಕಾರಣ ತೋರಿಸಿ ವಿನಾಯಿತಿ ಅರ್ಜಿ ಹಾಕಬಹುದು. ತೆರಿಗೆ ನಿರ್ಧರಣಾ ವರ್ಷ ಮುಗಿದು ಐದು ವರ್ಷದೊಳಗೆ ಹಾಕಬೇಕು. ಮನೆ ಬಿಟ್ಟು ಬಂದದ್ದು, ಕಾಗದ ಕೈಗೆ ಸಿಗದಿದ್ದದ್ದು ಎಲ್ಲಾ ಬರೆಯಿರಿ. ಕೋರ್ಟಿನ ಆದೇಶ, ಪೊಲೀಸ್ ದೂರಿನ ಪ್ರತಿ ಇದ್ದರೆ ಲಗತ್ತಿಸಿ.

ನೋಟಿಸು ಈಗಾಗಲೇ ಬಂದಿದ್ದರೆ ಅದರಲ್ಲಿರುವ ಉತ್ತರದ ಗಡುವು ನೋಡಿ, ಅದರೊಳಗೆ ಲೆಕ್ಕಪರಿಶೋಧಕರನ್ನು ಕಾಣಿರಿ. ಗಂಡ ಕಾಗದ ಕೊಡದೆ ಸತಾಯಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ, ಸಹಾಯವಾಣಿ 15100.