ಟೆಫ್ಲಾನ್ ಟೇಪ್ ಎಲ್ಲಿ ಸುತ್ತಬೇಕು, ಎಲ್ಲಿ ಸುತ್ತಬಾರದು

ಹಾಸ್ಟೆಲ್‌ನಲ್ಲಿ ನಲ್ಲಿ ಸೋರಿದರೆ ನಮ್ಮಲ್ಲಿ ಇರೋ ಔಷಧಿ ಒಂದೇ, ಹಾರ್ಡ್‌ವೇರ್ ಅಂಗಡಿಯಿಂದ ಬಿಳಿ ಟೇಪ್ ತಂದು ಸುತ್ತೋದು. ನಿಲ್ಲಲಿಲ್ಲ ಅಂದ್ರೆ ಇನ್ನೂ ನಾಲ್ಕು ಸುತ್ತು. 20 ಹನಿಗೆ ಒಂದು ಎಂಎಲ್ ಅಂತ ಹಿಡಿದರೆ, ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ 4 ಲೀಟರ್‌ಗಿಂತ ಹೆಚ್ಚು ನೀರು ಹೋಗುತ್ತೆ. ಹಾಗಾಗಿ ಸುತ್ತೋ ಮೊದಲು ಒಂದು ಪ್ರಶ್ನೆ: ಈ ಜಾಯಿಂಟ್‌ನಲ್ಲಿ ನೀರನ್ನು ತಡೆಯೋದು ಯಾವುದು?

ಟೇಪ್ ಅಂಟು ಅಲ್ಲ. ಜಿಐ ಪೈಪಿನ ಥ್ರೆಡ್ ಸಾಮಾನ್ಯವಾಗಿ ಟೇಪರ್ ಆಗಿರುತ್ತೆ, ಅಂದರೆ ಪ್ರತಿ 16 ಮಿಮೀ ಉದ್ದಕ್ಕೆ ವ್ಯಾಸ 1 ಮಿಮೀ ಬದಲಾಗುತ್ತೆ. ತಿರುಗಿಸಿದಷ್ಟೂ ಬಿಗಿಯಾಗುತ್ತೆ, ಆದರೂ ಥ್ರೆಡ್‌ಗಳ ನಡುವೆ ಸಣ್ಣದೊಂದು ಸುರುಳಿ ದಾರಿ ಉಳಿಯುತ್ತೆ. ನೀರು ಹೊರಗೆ ಬರೋದು ಅಲ್ಲಿಂದಲೇ. ಟೇಪ್ ಆ ದಾರಿಯನ್ನು ತುಂಬುತ್ತೆ, ಜೊತೆಗೆ ಜಾರೋ ಗುಣ ಇರೋದರಿಂದ ಇನ್ನಷ್ಟು ಬಿಗಿ ಮಾಡೋಕೂ ಬಿಡುತ್ತೆ.

ಗೀಸರ್‌ಗೆ ಹಾಕೋ ಕನೆಕ್ಷನ್ ಪೈಪ್ ನೋಡಿ. ನಟ್ ಒಳಗೆ ರಬ್ಬರ್ ವಾಷರ್ ಇದೆ, ಸೀಲ್ ಆಗೋದು ಅಲ್ಲಿ. ಥ್ರೆಡ್ ಬರೀ ಅದನ್ನು ಒತ್ತಿ ಹಿಡಿಯುತ್ತೆ. ಇಲ್ಲಿ ಟೇಪ್ ಸುತ್ತಿದರೆ ನಟ್ ಪೂರ್ತಿ ಕೂರದೆ ಸೋರಿಕೆ ಜಾಸ್ತಿಯಾಗಬಹುದು. ವಾಷರ್ ಬದಲಾಯಿಸಿ, ಮುಗೀತು. ಮನೆಯ ಎಲ್‌ಪಿಜಿ ರೆಗ್ಯುಲೇಟರ್‌ನಲ್ಲೂ ಸೀಲ್ ಮಾಡೋದು ಸಿಲಿಂಡರ್ ವಾಲ್ವ್ ಒಳಗಿನ ರಬ್ಬರ್ ರಿಂಗ್. ಅಲ್ಲಿ ಟೇಪ್ ಪ್ರಯೋಗ ದಯವಿಟ್ಟು ಬೇಡ, ವಾಸನೆ ಬಂದರೆ ಸಿಲಿಂಡರ್ ಆಫ್ ಮಾಡಿ ಏಜೆನ್ಸಿಗೆ ಫೋನ್ ಮಾಡಿ.

ಇನ್ನು ಬಣ್ಣ. ತೆಳು ಬಿಳಿ ಟೇಪ್ ಸಾಮಾನ್ಯ ನೀರಿನ ಕೆಲಸಕ್ಕೆ, ದಪ್ಪ ಹಳದಿ ಗ್ಯಾಸ್ ಲೈನಿಗೆ. ಹಸಿರು ಆಕ್ಸಿಜನ್‌ಗೆ, ಎಣ್ಣೆಯ ಅಂಶ ಇಲ್ಲದ್ದು. ಒತ್ತಡದ ಆಕ್ಸಿಜನ್ ಜೊತೆ ಎಣ್ಣೆ ಸೇರಿದರೆ ಹೊತ್ತಿಕೊಳ್ಳುತ್ತೆ, ಅದಕ್ಕೇ ಈ ಎಚ್ಚರ. ಸ್ಟೇನ್‌ಲೆಸ್ ಸ್ಟೀಲ್‌ಗೆ ನಿಕಲ್ ಸೇರಿಸಿದ ಬೂದು ಟೇಪ್ ಇದೆ, ಥ್ರೆಡ್‌ಗಳು ಒಂದಕ್ಕೊಂದು ಕಚ್ಚಿಕೊಳ್ಳದಿರಲಿ ಅಂತ. ಈ ಬಣ್ಣಗಳು ಎಲ್ಲಾ ಕಂಪನಿಗೂ ಒಂದೇ ಅಲ್ಲ, ಪ್ಯಾಕೆಟ್ ಮೇಲೆ ಏನು ಬರೆದಿದೆ ಓದಿ.

ನನ್ನ ಪ್ರಕಾರ ಹೆಚ್ಚು ನಷ್ಟ ಆಗೋದು ಪ್ಲಾಸ್ಟಿಕ್ ಫಿಟ್ಟಿಂಗ್‌ನಲ್ಲಿ. ಒಳಥ್ರೆಡ್ ಇರೋ ಪಿವಿಸಿ ಎಲ್ಬೋಗೆ ಹಿತ್ತಾಳೆ ನಲ್ಲಿ ಹಾಕುವಾಗ ನಲ್ಲಿಯ ಟೇಪರ್ ಬೆಣೆ ಥರ ಒತ್ತುತ್ತೆ. ಟೇಪ್ ಜಾರೋದರಿಂದ ಎಷ್ಟು ಬಿಗಿಯಾಯ್ತು ಅಂತ ಕೈಗೆ ತಿಳಿಯಲ್ಲ. ದಪ್ಪಗೆ ಸುತ್ತಿ ಸ್ಪ್ಯಾನರ್‌ನಲ್ಲಿ ಎಳೆದರೆ ಎಲ್ಬೋ ಬಿರುಕು ಬಿಡುತ್ತೆ. ಗೋಡೆಯೊಳಗಿನ ಎಲ್ಬೋ ಆದರೆ ಟೈಲ್ಸ್ ಒಡೆಯೋದೇ ಗತಿ! ಒಳಗೆ ಹಿತ್ತಾಳೆ ಥ್ರೆಡ್ ಕೂರಿಸಿದ ಎಲ್ಬೋ ಸಿಗುತ್ತೆ, ಸ್ವಲ್ಪ ದುಬಾರಿ, ಆದರೆ ಅದನ್ನೇ ತಗೊಳ್ಳಿ.

ಪ್ರಾಜೆಕ್ಟ್‌ಗೆ ಸೆನ್ಸರ್ ತರಿಸೋರಿಗೆ ಇನ್ನೊಂದು ಮಾತು. ನಮ್ಮಲ್ಲಿ ನಡೆಯೋದು 55 ಡಿಗ್ರಿಯ ಬಿಎಸ್‌ಪಿ ಥ್ರೆಡ್, ಅಮೆರಿಕದ ಎನ್‌ಪಿಟಿ 60 ಡಿಗ್ರಿ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್, ಹಾಗಾಗಿ ಆರಾಮಾಗಿ ಕೂತ ಹಾಗೆ ಕಾಣುತ್ತೆ. ಆದರೆ ಆಕಾರ ಬೇರೆ. ಅದನ್ನು ಟೇಪ್‌ನಿಂದ ಸರಿ ಮಾಡೋಕೆ ಹೋಗಬೇಡಿ, ಅಡಾಪ್ಟರ್ ಹಾಕಿ.

ಸುತ್ತೋದು ಹೀಗೆ: ಹಳೇ ಟೇಪ್ ಪೂರ್ತಿ ಕಿತ್ತು, ಪೈಪಿನ ಬಾಯಿ ನಿಮ್ಮ ಕಡೆ ಇಟ್ಟುಕೊಂಡು, ಮೊದಲ ಥ್ರೆಡ್ ಬಿಟ್ಟು ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ಎಳೆದು ಸುತ್ತಿ. ಅರ್ಧ ಇಂಚಿಗೆ ತೆಳು ಬಿಳಿ ಟೇಪ್ ನಾಲ್ಕೈದು ಸುತ್ತು ಸಾಕು. ಬಿಗಿ ಮಾಡಿದ ಮೇಲೆ ನಲ್ಲಿಯ ಮೂತಿ ನೇರ ಬರಲಿಲ್ಲ ಅಂತ ಹಿಂದಕ್ಕೆ ತಿರುಗಿಸಿದರೆ ಟೇಪ್ ಹರಿದಿರುತ್ತೆ. ಆಗ ಬಿಚ್ಚಿ ಹೊಸದಾಗಿ ಸುತ್ತಿ.