ಕಲಿಕೆಗೆ ನೆರವಾಗುವವರ ತರಬೇತಿ

ರಾಯಚೂರು ಜಿಲ್ಲೆಯ ಬಳಗಾನೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಸಿಂಧನೂರು, ಮಸ್ಕಿ ಅಥವಾ ಲಿಂಗಸುಗೂರಿನ ಪದವಿ ಕಾಲೇಜು ಸೇರುವ ವಿದ್ಯಾರ್ಥಿಗೆ ಮೊದಲ ಸೆಮಿಸ್ಟರಿನಲ್ಲೇ ಎದುರಾಗುವ ತೊಡಕು ಬುದ್ಧಿಶಕ್ತಿಗೆ ಸಂಬಂಧಿಸಿದ್ದಲ್ಲ. ಇಂಗ್ಲಿಷ್ ಪಠ್ಯವನ್ನು ಓದಿ ಅರ್ಥಮಾಡಿಕೊಳ್ಳುವ, ಪಾಠ ಕೇಳುತ್ತಲೇ ಟಿಪ್ಪಣಿ ಬರೆದುಕೊಳ್ಳುವ, ಉತ್ತರವನ್ನು ಸ್ವಂತ ಮಾತಿನಲ್ಲಿ ಕಟ್ಟುವ ರೂಢಿ ಇಲ್ಲದಿರುವುದೇ ಆ ತೊಡಕು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ. 59.56 ಮಾತ್ರವಿತ್ತು, ಇಂತಹ ಜಿಲ್ಲೆಯಲ್ಲಿ ಓದಿನ ಈ ರೂಢಿಗಳನ್ನು ಮನೆಯಲ್ಲೇ ಹೇಳಿಕೊಡಬಲ್ಲ ಹಿರಿಯರು ಎಲ್ಲ ವಿದ್ಯಾರ್ಥಿಗಳಿಗೂ ಇರುವುದಿಲ್ಲ. ಆ ಕೊರತೆಯನ್ನು ಕಾಲೇಜೇ ತುಂಬಿಕೊಡುವ ವ್ಯವಸ್ಥೆಗೆ ಕಲಿಕಾ ನೆರವು ಎಂದು ಹೆಸರು.

ವಿಶ್ವವಿದ್ಯಾಲಯ ಅನುದಾನ ಆಯೋಗವು ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯಲ್ಲಿ (2007–12) ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಪರಿಹಾರ ಬೋಧನೆಗೆ, ಅಂದರೆ ಅರ್ಥವಾಗದೆ ಉಳಿದ ಪಾಠಗಳನ್ನು ಮತ್ತೆ ಹೇಳಿಕೊಡುವ ತರಗತಿಗಳಿಗೆ, ಹಣ ಒದಗಿಸಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್ ಸಂಸ್ಥೆಯೂ ಕಾಲೇಜುಗಳ ಗುಣಮಟ್ಟವನ್ನು ಅಳೆಯುವಾಗ, ನಿಧಾನವಾಗಿ ಕಲಿಯುವವರಿಗೆ ಏನು ಮಾಡಲಾಗಿದೆ ಎಂದು ಕೇಳುತ್ತ ಬಂದಿದೆ. ಆದರೆ ಈ ಕೆಲಸ ಮಾಡುವವರು ಅದನ್ನು ಎಲ್ಲಿ ಕಲಿಯಬೇಕೆಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಮೈಸೂರು, ಬೆಂಗಳೂರು ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ತಲೆಯೆತ್ತಿದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು, ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾಗಿ, 2023ರ ನಂತರ ಮಾಳವೀಯ ಮಿಷನ್ ಹೆಸರಿನಲ್ಲಿ ಅಧ್ಯಾಪಕರಿಗೆ ತರಬೇತಿ ನೀಡುತ್ತಿವೆ. ಅಲ್ಲಿನ ರಿಫ್ರೆಶರ್ ಕೋರ್ಸುಗಳ ಒಲವು ಹೆಚ್ಚಾಗಿ ವಿಷಯಜ್ಞಾನದ ಕಡೆಗೆ. ಜೊತೆಗೆ ಅವು ಕಾಯಂ ಅಧ್ಯಾಪಕರ ಬಡ್ತಿಗೆ ಅಗತ್ಯವಾಗಿರುವುದರಿಂದ, ಬಡ್ತಿಯೇ ಇಲ್ಲದ ಅತಿಥಿ ಉಪನ್ಯಾಸಕರಿಗೆ ಅತ್ತ ಹೋಗಲು ಅಂತಹ ಒತ್ತಾಸೆ ಇಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ಹೊರೆಯಲ್ಲಿ ದೊಡ್ಡ ಪಾಲನ್ನು ಹೊತ್ತಿರುವವರು ಅವರೇ ಎಂಬುದನ್ನು ನೆನೆದರೆ ಇದು ಸಣ್ಣ ಲೋಪವೇನಲ್ಲ.

ಅಮೆರಿಕದಲ್ಲಿ ಕಲಿಕಾ ನೆರವಿನ ಕೆಲಸವನ್ನು ಪ್ರತ್ಯೇಕ ವೃತ್ತಿಯೆಂದೇ ಪರಿಗಣಿಸಲಾಯಿತು. ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಆರಂಭವಾದ ಕೆಲಾಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿಕಾ ನೆರವಿನ ಸಿಬ್ಬಂದಿ ಬೇಸಿಗೆಯಲ್ಲಿ ಕೆಲವು ವಾರ ತಂಗಿ ಅಭ್ಯಾಸ ಮಾಡಿ, ತಮ್ಮ ಕಾಲೇಜಿಗೆ ಮರಳಿ, ಕಲಿತದ್ದನ್ನು ಒಂದು ಯೋಜನೆಯಾಗಿ ಪ್ರಯೋಗಿಸುವ ಕ್ರಮವಿತ್ತು. ಅದಕ್ಕೂ ಮೊದಲು, 1973ರಲ್ಲಿ, ಮಿಸ್ಸೂರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಆವರಣದಲ್ಲಿ ಡಿಯಾನಾ ಮಾರ್ಟಿನ್ ರೂಪಿಸಿದ ಪದ್ಧತಿ ನಮ್ಮ ಕಾಲೇಜುಗಳಿಗೆ ಇನ್ನೂ ಹತ್ತಿರವಾದುದು: ಅದು ದಡ್ಡರೆಂದು ಕೆಲವರನ್ನು ಬೇರ್ಪಡಿಸುವುದಿಲ್ಲ, ಕಠಿಣವಾದ ವಿಷಯವನ್ನು ಗುರುತಿಸುತ್ತದೆ, ಆ ವಿಷಯದಲ್ಲಿ ಚೆನ್ನಾಗಿ ತೇರ್ಗಡೆಯಾದ ಹಿರಿಯ ವಿದ್ಯಾರ್ಥಿ ಮತ್ತೆ ಅದೇ ತರಗತಿಯಲ್ಲಿ ಕುಳಿತು, ಬಳಿಕ ಬಯಸಿ ಬಂದವರೊಂದಿಗೆ ಚರ್ಚೆ ನಡೆಸುತ್ತಾನೆ. ಹಾಗಾಗಿ ನೆರವು ಪಡೆಯುವವರಿಗೆ ಅವಮಾನದ ಭಯವಿಲ್ಲ. ಆದರೆ ಆ ಹಿರಿಯ ವಿದ್ಯಾರ್ಥಿಗೂ, ಅವನನ್ನು ನೋಡಿಕೊಳ್ಳುವ ಅಧ್ಯಾಪಕರಿಗೂ ತರಬೇತಿ ಅನಿವಾರ್ಯ, ಏಕೆಂದರೆ ಉತ್ತರ ಹೇಳಿಬಿಡುವುದು ಸುಲಭ, ಉತ್ತರ ಹುಡುಕುವ ದಾರಿಯನ್ನು ತೋರಿಸುವುದು ಕಷ್ಟ.

ಸಂವಿಧಾನದ 371(ಜೆ) ವಿಧಿ ರಾಯಚೂರು ಸೇರಿದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಶಿಕ್ಷಣದಲ್ಲಿ ಸೀಟುಗಳನ್ನು ಮೀಸಲಿರಿಸಲು ಅವಕಾಶ ಕೊಟ್ಟಿದೆ. ಸೀಟು ಪಡೆದವರು ಓದನ್ನು ಪೂರೈಸುವಂತೆ ಮಾಡುವುದು ಕಾಲೇಜುಗಳ ಹೊಣೆ. ಅದಕ್ಕಾಗಿ ರಾಯಚೂರಿನ ವಿಶ್ವವಿದ್ಯಾಲಯವು ಪ್ರತಿ ಬೇಸಿಗೆಯಲ್ಲಿ ಅತಿಥಿ ಉಪನ್ಯಾಸಕರು, ಗ್ರಂಥಪಾಲಕರು ಮತ್ತು ಹಿರಿಯ ವಿದ್ಯಾರ್ಥಿಗಳಿಗಾಗಿ, ಭತ್ಯೆಯನ್ನೂ ಕೊಟ್ಟು, ಕಲಿಕಾ ನೆರವಿನ ತರಬೇತಿಯೊಂದನ್ನು ಕನ್ನಡದಲ್ಲೇ ಆರಂಭಿಸಬೇಕು.