ತೋಳಿನ ಬಲವೂ ಕ್ರಿಯಾಟಿನ್ ಪುಡಿಯೂ

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ 61 ಕಿಲೋಗ್ರಾಂ ವರ್ಗದಲ್ಲಿ ಕಂಚು ಗೆದ್ದ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿಯವರು, ಕ್ಲೀನ್ ಅಂಡ್ ಜರ್ಕ್‌ನಲ್ಲಿ 151 ಕಿಲೋಗ್ರಾಂ ಭಾರವನ್ನು ತಲೆಯ ಮೇಲಕ್ಕೆತ್ತಿದರು. ಭಾರವು 1.7 ಮೀಟರು ಮೇಲೇರಿತೆಂದು ನಾವು ಎಣಿಸಿದರೆ, ನಡೆದ ಕೆಲಸ ಸುಮಾರು 2,500 ಜೂಲ್. ಒಂದು ಗ್ರಾಂ ಅಕ್ಕಿಯಲ್ಲಿ ಇದರ ಐದು ಮಡಿಗೂ ಮಿಕ್ಕ ಶಕ್ತಿ ಅಡಗಿದೆ! ಹಾಗಾದರೆ ಕಷ್ಟವಿರುವುದೆಲ್ಲಿ? ಶಕ್ತಿಯ ಮೊತ್ತದಲ್ಲಲ್ಲ, ಅದನ್ನು ಕೆಲವೇ ಸೆಕೆಂಡುಗಳಲ್ಲಿ ಒದಗಿಸುವುದರಲ್ಲಿ.

ಸ್ನಾಯುವಿಗೆ ನೇರವಾಗಿ ಶಕ್ತಿ ಕೊಡುವ ವಸ್ತು ಎ.ಟಿ.ಪಿ. ಅದರ ದಾಸ್ತಾನು ಎರಡು ಮೂರು ಸೆಕೆಂಡುಗಳ ಬಿರುಸಿನ ದುಡಿಮೆಗಷ್ಟೇ ಸಾಕು. ಅದು ವೆಚ್ಚವಾಗುತ್ತಲೇ, ಸ್ನಾಯುವಿನಲ್ಲಿರುವ ಕ್ರಿಯಾಟಿನ್ ಫಾಸ್ಫೇಟು ತನ್ನ ಫಾಸ್ಫೇಟನ್ನು ಬಿಟ್ಟುಕೊಟ್ಟು ಎ.ಟಿ.ಪಿ.ಯನ್ನು ಮರಳಿ ಕಟ್ಟುತ್ತದೆ. ಈ ಆಪದ್ಧನವೂ ಸುಮಾರು ಹತ್ತು ಸೆಕೆಂಡುಗಳಲ್ಲಿ ಬಹುಮಟ್ಟಿಗೆ ತೀರುವುದು.

1832ರಲ್ಲಿ ಫ್ರಾನ್ಸಿನ ಶೆವ್ರೂಲ್ ಮಾಂಸದಲ್ಲಿ ಕಂಡುಹಿಡಿದ ಈ ಕ್ರಿಯಾಟಿನ್ನನ್ನು ನಮ್ಮ ದೇಹವೇ ದಿನಕ್ಕೆ ಸುಮಾರು 1 ಗ್ರಾಂ ತಯಾರಿಸುತ್ತದೆ. ಮೀನು, ಮಾಂಸಗಳಿಂದಲೂ ಅದು ದೊರೆಯುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಪುಡಿಯನ್ನು ಕೆಲವು ವಾರ ಸೇವಿಸಿದರೆ ಸ್ನಾಯುವಿನ ದಾಸ್ತಾನು ಹೆಚ್ಚುವುದೆಂದು ಪ್ರಯೋಗಗಳಿಂದ ಸಿದ್ಧವಾಗಿದೆ.

ಇಂದು ಅಜೆಕಾರಿನ ವಿದ್ಯಾರ್ಥಿಯೂ ಈ ಪುಡಿಯನ್ನು ಮನೆಬಾಗಿಲಿಗೆ ತರಿಸಿಕೊಳ್ಳಬಲ್ಲನು. ಆದರೆ ಮೊದಲ ವಾರಗಳಲ್ಲಿ ಏರುವ ತೂಕ ಬಹುಪಾಲು ನೀರಿನದೆಂಬುದನ್ನು ಮರೆಯಬಾರದು. ಪುಡಿಯ ನೆರವಿನಿಂದ ಭಾರವನ್ನು ಇನ್ನೊಂದೆರಡು ಬಾರಿ ಎತ್ತಲು ಸಾಧ್ಯವಾದೀತು. ಸ್ನಾಯುವನ್ನು ಬೆಳೆಸುವುದು ಆ ಎತ್ತುವ ದುಡಿಮೆಯೇ. ದುಡಿಯದ ತೋಳಿಗೆ ಪುಡಿಯಿಂದ ಹೆಚ್ಚಿನ ಫಲವಿಲ್ಲ. ಮೂತ್ರಪಿಂಡದ ರೋಗವುಳ್ಳವರೂ ಹದಿನೆಂಟು ತುಂಬದವರೂ ವೈದ್ಯರನ್ನು ಕೇಳದೆ ಇದನ್ನು ಸೇವಿಸಲಾಗದು.